ಹಳೆಯ ಲಾರಿಯ ಸಾಮಾನು

ಬೆಳ್ಳಾರೆಯ ಹೆಸರು ಚರಿತ್ರೆಯ ಪುಸ್ತಕಗಳಿಗೆ ಸೇರಿದ್ದು ಒಂದು ಖಜಾನೆಯ ಮೂಲಕ. 1837ರ ಮಾರ್ಚ್ ತಿಂಗಳ ಕೊನೆಯಲ್ಲಿ ಅಮರ ಸುಳ್ಯದ ರೈತರು ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಅಲ್ಲಿದ್ದ ಕುಂಪಣಿ ಸರಕಾರದ ಖಜಾನೆಯನ್ನು ಹಿಡಿದರು. ಅಲ್ಲಿಂದ ಹೊರಟ ದಂಡು ಏಪ್ರಿಲ್ 5ಕ್ಕೆ ಮಂಗಳೂರನ್ನೇ ಸೇರಿ ಬಾವುಟ ಏರಿಸಿತು. ದಂಗೆಗೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಕೊಡಗಿನ ಅರಸರ ಕಾಲದಲ್ಲಿ ದವಸವಾಗಿ ಸಲ್ಲುತ್ತಿದ್ದ ಕಂದಾಯವನ್ನು, 1834ರಲ್ಲಿ ಕೊಡಗು ಕುಂಪಣಿಯ ಕೈಗೆ ಹೋಗಿ ಈ ಸೀಮೆ ಕೆನರಾ ಜಿಲ್ಲೆಗೆ ಸೇರಿದ ಮೇಲೆ, ನಗದಾಗಿಯೇ ತರಬೇಕೆಂದು ಕೇಳಿದ್ದು.

ಬತ್ತವಾದರೆ ಮನೆಯ ಕಣಜದಿಂದ ಅಳೆದು ಕೊಡಬಹುದು. ನಗದು ಹಾಗಲ್ಲ, ಅದು ಪೇಟೆಯಲ್ಲಿ ಹುಟ್ಟುವ ವಸ್ತು. ಪೇಟೆ ದೂರದಲ್ಲಿತ್ತು. ಹೊರೆಯಾಳುಗಳ ತಲೆಯ ಮೇಲೆ, ಎತ್ತಿನ ಬೆನ್ನ ಮೇಲೆ, ಆಮೇಲೆ ಗಾಡಿಯ ಮೇಲೆ ಬಂಟ್ವಾಳದವರೆಗೆ, ಅಲ್ಲಿಂದ ನೇತ್ರಾವತಿಯ ದೋಣಿಗಳಲ್ಲಿ ಮಂಗಳೂರಿಗೆ ಸರಕು ಇಳಿಯಬೇಕು. ಅಡಿಕೆಯೂ ಕಾಳುಮೆಣಸೂ ಬೆಳೆಯುವವನ ಲಾಭದಲ್ಲಿ ಸಾಗಣೆಯ ಪಾಲು ಎಷ್ಟು ಎಂಬ ಲೆಕ್ಕ ಈ ಸೀಮೆಯಲ್ಲಿ ಅಂದು ಹುಟ್ಟಿದ್ದು ಇಂದಿಗೂ ಮುಗಿದಿಲ್ಲ. ನಾನಿಲ್ಲಿ ಬರೆಯಹೊರಟದ್ದು ದಂಗೆಯ ಚರಿತ್ರೆಯನ್ನಲ್ಲ. ಆ ಲೆಕ್ಕಕ್ಕೆ ಇಪ್ಪತ್ತನೆಯ ಶತಮಾನ ಕೊಟ್ಟ ಉತ್ತರದ ಚರಿತ್ರೆಯನ್ನು, ಅಂದರೆ ಲಾರಿಯದನ್ನು. ಅದರಲ್ಲೂ ಲಾರಿ ಹೊಸದಾಗಿದ್ದಾಗಿನ ವೈಭವವನ್ನಲ್ಲ, ಹಳೆಯದಾದ ಮೇಲೆ ಅದರ ಸಾಮಾನು ಹುಡುಕುವ ಪಾಡನ್ನು.

ರೈಲು ಮಂಗಳೂರಿಗೆ ಬಂದದ್ದು 1907ರಲ್ಲಿ, ಮಲಬಾರಿನ ಕಡೆಯಿಂದ. ಘಟ್ಟ ಹತ್ತಿ ಹಾಸನಕ್ಕೆ ಹೋಗುವ ರೈಲು ಓಡಲು 1979 ಬರಬೇಕಾಯಿತು. ನಡುವಿನ ಎಪ್ಪತ್ತೆರಡು ವರ್ಷ ಕರಾವಳಿಗೂ ಘಟ್ಟದ ಮೇಲಿನ ಸೀಮೆಗೂ ಇದ್ದ ಬಂಧುತ್ವವನ್ನೆಲ್ಲ ರಸ್ತೆಯೇ ನಡೆಸಿತು. 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಜನರ ಬಾಯಲ್ಲಿ ಸಿ.ಪಿ.ಸಿ., ಮಂಗಳೂರಿನಲ್ಲಿ ಬಸ್ಸು ಓಡಿಸತೊಡಗಿತು. ಜನರ ಹಿಂದೆ ಸರಕೂ ಮೋಟಾರು ಏರಿತು. ಮಂಗಳೂರಿನಿಂದ ಪುತ್ತೂರಿಗೆ ಸುಮಾರು ಐವತ್ತು ಕಿಲೋಮೀಟರು. ಅಲ್ಲಿಂದ ಹೆದ್ದಾರಿ ಸುಳ್ಯದ ಮೇಲೆ ಸಂಪಾಜೆ ಘಾಟಿ ಹತ್ತಿ ಮಡಿಕೇರಿಗೆ ಹೋದರೆ, ಬೆಳ್ಳಾರೆ, ಪಂಜ, ಸುಬ್ರಹ್ಮಣ್ಯಗಳ ಕಡೆಗೆ ಒಳದಾರಿಗಳು ಕವಲೊಡೆಯುತ್ತವೆ. ಹೆದ್ದಾರಿಯ ಮೇಲೆ ಹೊಸ ಲಾರಿ ಓಡುತ್ತದೆ. ಒಳದಾರಿಗೆ ಬರುವುದು ಹೆದ್ದಾರಿಯಲ್ಲಿ ಪ್ರಾಯ ಕಳೆದುಕೊಂಡ ಲಾರಿ. ಇದು ಎಲ್ಲ ದೇಶಗಳ ನಿಯಮ.

ಈಗ ಒಂದು ಸಂದರ್ಭವನ್ನು ಊಹಿಸಿಕೊಳ್ಳಿ. ಪತ್ತನಾಜೆಗೆ ಒಂದು ವಾರ ಉಂಟು. ಅದು ಕಳೆದರೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆ ಇಂದೋ ನಾಳೆಯೋ ಎಂದು ಆಕಾಶ ನೋಡುವ ಕಾಲ. ಕಾಡಿನ ಕೂಪಿನಲ್ಲಿ ಕಡಿದಿಟ್ಟ ಮರ ಮಳೆಗೆ ಮೊದಲು ಹೊರಗೆ ಬರಬೇಕು. ಬೆಳ್ಳಾರೆಯ ಕಡೆಯ ಒಂದು ಏರಿನಲ್ಲಿ ಲಾರಿ ಹಿಂದಿನ ಹೌಸಿಂಗಿನೊಳಗೆ 'ಕಟಕ್' ಎಂದು ಸದ್ದು ಮಾಡಿ ನಿಂತಿತು. ಬಿಚ್ಚಿ ನೋಡಿದರೆ ಕ್ರೌನ್-ಪಿನಿಯನ್ನಿನ ಹಲ್ಲು ಮುರಿದಿದೆ. ಲಾರಿಗೆ ಬಾಡಿಗೆಯ ಮಾತು ಆಗಿದೆ, ಸಾಲದ ಕಂತಿನ ದಿನ ಗೊತ್ತಾಗಿದೆ, ಲಾರಿಯನ್ನು ಮಾಡಿದ ಕಾರ್ಖಾನೆ ಮಾತ್ರ ಆ ಮಾದರಿಯನ್ನು ನಿಲ್ಲಿಸಿ ಯಾವ ಕಾಲವಾಯಿತೋ. ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ, "ಧಣಿಗಳೆ, ಇದರ ಸಾಮಾನು ಸಿಗ್ಲಿಕ್ಕಿಲ್ಲ" ಎನ್ನುತ್ತಾನೆ. "ಬೇರೆ ಯಾವುದಾದರೂ ಕೂರುತ್ತದಾ ನೋಡು ಮಾರಾಯ" ಎನ್ನುತ್ತಾನೆ ಲಾರಿಯವನು.

ಬೇರೆ ಯಾವುದಾದರೂ ಕೂರುತ್ತದೆಯೆ? ಈ ಒಂದು ಪ್ರಶ್ನೆಗೆ ಉತ್ತರ ಕೊಡುವಷ್ಟು ವಿದ್ಯೆ ನಮ್ಮ ಸಣ್ಣ ಪೇಟೆಗಳ ಗ್ಯಾರೇಜುಗಳಲ್ಲಿ ಸುಮಾರು ಎಂಬತ್ತು ವರ್ಷ ಸೇರಿಕೊಂಡಿದೆ. ಅದು ಯಾವ ಪುಸ್ತಕದಲ್ಲಿಯೂ ಇಲ್ಲ. ಅದು ಹೇಗೆ ಸೇರಿತು ಎಂಬುದನ್ನು ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಯಂತ್ರದ ಒಂದು ಭಾಗವನ್ನು ತೆಗೆದು ಅಂಥದೇ ಇನ್ನೊಂದನ್ನು ಹಾಕಬಹುದು ಎಂಬುದು ಇಂದು ನಮಗೆ ಸಹಜವಾಗಿ ಕಾಣುತ್ತದೆ. ಮನುಷ್ಯನಿಗೆ ಇದು ಬಹಳ ತಡವಾಗಿ ಹೊಳೆದ ವಿಷಯ. ಎತ್ತಿನ ಗಾಡಿಯ ಗಾಲಿ ಮುರಿದರೆ ಆಚಾರಿ ಆ ಗಾಡಿಗೇ ಅಳತೆ ಹಿಡಿದು ಇನ್ನೊಂದನ್ನು ಕೆತ್ತುತ್ತಾನೆ; ಪಕ್ಕದ ಮನೆಯ ಗಾಡಿಗೆ ಅದು ಹೊಂದಬೇಕೆಂದೇನೂ ಇಲ್ಲ. ಮೊದಮೊದಲಿನ ಮೋಟಾರುಗಳೂ ಹೀಗೆಯೇ ಇದ್ದವು. ಅರದಿಂದ ಉಜ್ಜಿ ಉಜ್ಜಿ ಒಂದಕ್ಕೊಂದನ್ನು ಕೂರಿಸುತ್ತಿದ್ದರು. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸಿನಲ್ಲಿ ಅಲ್ಲಿನ ರಾಯಲ್ ಆಟೋಮೊಬೈಲ್ ಕ್ಲಬ್ಬಿನವರು ಒಂದು ಪರೀಕ್ಷೆ ಏರ್ಪಡಿಸಿದರು. ಅಮೆರಿಕದ ಕ್ಯಾಡಿಲಾಕ್ ಕಾರುಗಳು ಮೂರು. ಮೂರನ್ನೂ ಕೊನೆಯ ತಿರುಪಿನವರೆಗೆ ಬಿಚ್ಚಿ, ಭಾಗಗಳನ್ನೆಲ್ಲ ಒಟ್ಟಿಗೆ ಕಲೆಸಿ, ಕೆಲವನ್ನು ತೆಗೆದುಹಾಕಿ ಅವುಗಳ ಬದಲಿಗೆ ಅಂಗಡಿಯಲ್ಲಿದ್ದವನ್ನು ಸೇರಿಸಿ, ಆ ರಾಶಿಯಿಂದ ಮತ್ತೆ ಮೂರು ಕಾರುಗಳನ್ನು ಕಟ್ಟಿದರು. ಅರ ಮುಟ್ಟುವ ಹಾಗಿಲ್ಲ. ಪಾನ ಮತ್ತು ಸ್ಕ್ರೂಡ್ರೈವರು ಮಾತ್ರ. ಮೂರೂ ಹೊರಟವು, ಐನೂರು ಮೈಲಿ ಓಡಿದವು. ಆ ವರ್ಷದ ಡ್ಯೂವರ್ ಪಾರಿತೋಷಕ ಆ ಕಂಪೆನಿಗೆ ಸಂದಿತು.

ಬಿಡಿಭಾಗದ ಅಂಗಡಿ ಎಂಬುದು ಹುಟ್ಟಲು ಈ ಪರೀಕ್ಷೆಯಲ್ಲಿ ಗೆದ್ದ ತತ್ತ್ವವೇ ಕಾರಣ. ಅದರಿಂದ ಲಾರಿಯ ಯಜಮಾನ ಆಚಾರಿಯ ಹಂಗಿನಿಂದ ಪಾರಾದ. ಆದರೆ ಅದೇ ಗಳಿಗೆಯಲ್ಲಿ ಏಳು ಸಮುದ್ರದಾಚೆಯ ಕಾರ್ಖಾನೆಯ ಹಂಗಿಗೆ ಬಿದ್ದ. ಕಾರ್ಖಾನೆ ಭಾಗಗಳನ್ನು ಕಳಿಸುತ್ತಿರುವಷ್ಟು ದಿನ ಈ ಹಂಗು ಕಣ್ಣಿಗೆ ಬೀಳುವುದಿಲ್ಲ.

ಭಾರತಕ್ಕೆ ಮೋಟಾರುಗಳು ಮೊದಲು ಇಡಿಯಾಗಿ ಬಂದವು, ಆಮೇಲೆ ಬಿಡಿಯಾಗಿ ಬಂದವು. ಜನರಲ್ ಮೋಟರ್ಸಿನವರು 1928ರಲ್ಲಿ ಮುಂಬಯಿಯಲ್ಲಿ ಜೋಡಣೆಯ ಕಾರ್ಖಾನೆ ತೆರೆದರು. ಸ್ವಲ್ಪದರಲ್ಲೇ ಫೋರ್ಡಿನವರೂ ಬಂದರು. ಪೆಟ್ಟಿಗೆಗಳಲ್ಲಿ ಬಂದ ಚೆವ್ರೊಲೆ, ಫೋರ್ಡ್ ಲಾರಿಗಳು ಇಲ್ಲಿ ಜೋಡಣೆಯಾಗಿ, ಅವುಗಳ ಬೆನ್ನಿಗೆ ನಮ್ಮ ಬಡಗಿಗಳು ಮರದ ಬಾಡಿ ಕಟ್ಟುತ್ತಿದ್ದರು.

ಆ ಕಾಲದ ಚೆವ್ರೊಲೆಯ ಆರು ಸಿಲಿಂಡರಿನ ಎಂಜಿನಿನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ನಮ್ಮ ವಿಷಯದ ಗಂಟು ಅಲ್ಲಿದೆ. ಅದರ ಕನೆಕ್ಟಿಂಗ್ ರಾಡಿನ ಬೇರಿಂಗು ಅಂಗಡಿಯಲ್ಲಿ ಕೊಳ್ಳುವ ಚಿಪ್ಪಲ್ಲ. ರಾಡಿನ ಬಾಯಿಗೇ ತವರ ಪ್ರಧಾನವಾದ ಬಿಳಿ ಲೋಹವನ್ನು ಎರಕ ಹೊಯ್ದು, ಕೊರೆದು, ಕೆರೆದು ಕೂರಿಸುವಂಥದು. ಎಣ್ಣೆಯೂ ಬಹುಪಾಲು ಚಿಮುಕಿದ್ದು. ರಾಡಿನ ತಳದ ಸಣ್ಣ ಸೌಟು ಎಣ್ಣೆಯಲ್ಲಿ ಅದ್ದಿ ಹಾರಿಸುತ್ತದೆ. ಎಂಜಿನಿನ ದೃಷ್ಟಿಯಿಂದ ಇದು ಹಳೆಯ ಕ್ರಮ. ಕಂಪೆನಿಯೇ 1950ರ ದಶಕದಲ್ಲಿ ಅದನ್ನು ಬಿಟ್ಟಿತು. ಬೆಳ್ಳಾರೆಯ ದೃಷ್ಟಿಯಿಂದ ನೋಡಿ: ಬೇರಿಂಗು ತಿಂದುಹೋದರೆ ಒಂದು ಕುಲುಮೆ, ಒಂದು ಹಿಡಿ ಲೋಹ, ಕೆರೆಯಲು ಒಂದು ಉಳಿ, ಹದ ಬಲ್ಲ ಒಂದು ಕೈ ಇದ್ದರೆ ಸಾಕು. ಮದರಾಸಿಗೆ ಕಾಗದ ಬರೆಯಬೇಕಾಗಿಲ್ಲ. ಹೊಸ ಕ್ರಮದ ಚಿಪ್ಪು ಬೇರಿಂಗು ಅದಕ್ಕಿಂತ ಎಷ್ಟೋ ಉತ್ತಮ. ಆದರೆ ಅದು ಬೇಕಾದರೆ ಕ್ರ್ಯಾಂಕನ್ನು ಅಂಗುಲದ ಸಾವಿರದ ಹತ್ತು ಭಾಗ, ಇಪ್ಪತ್ತು ಭಾಗ, ಮೇಸ್ತ್ರಿಗಳ ಮಾತಿನಲ್ಲಿ 'ಹತ್ತು ಥೌ, ಇಪ್ಪತ್ತು ಥೌ', ಎಂದು ಲೆಕ್ಕ ಹಿಡಿದು ಸವೆಸಿ, ಅದೇ ಲೆಕ್ಕದ ಚಿಪ್ಪನ್ನು ಹೊರಗಿನಿಂದಲೇ ತರಿಸಬೇಕು. ಯಂತ್ರ ಸುಧಾರಿಸಿದಷ್ಟೂ ಹಳ್ಳಿಯ ಕೈಯಿಂದ ದೂರವಾಗುತ್ತ ಹೋಯಿತೆಂಬುದಕ್ಕೆ ಇದಕ್ಕಿಂತ ಚಿಕ್ಕ ಉದಾಹರಣೆ ನನಗೆ ಗೊತ್ತಿಲ್ಲ.

ಎರಡನೆಯ ಮಹಾಯುದ್ಧ ಬಂತು. ಪೆಟ್ರೋಲಿಗೆ ರೇಷನ್ ಆಯಿತು, ಬಸ್ಸುಗಳ ಬೆನ್ನಿಗೆ ಇದ್ದಿಲು ಉರಿಸುವ ಗ್ಯಾಸಿನ ಡಬ್ಬಿ ಏರಿತು. ಹಡಗುಗಳು ಯುದ್ಧದ ಸಾಮಗ್ರಿ ಹೊತ್ತುವೇ ಹೊರತು ನಮ್ಮ ಸ್ಪ್ರಿಂಗು, ಪಿಸ್ಟನ್ನುಗಳನ್ನಲ್ಲ. ಇಂಥ ಕಾಲದಲ್ಲಿ ಮಂಗಳೂರಿನಲ್ಲಿ ಒಂದು ಕೆಲಸ ನಡೆಯಿತು. ಸಿ.ಪಿ.ಸಿ. ಬಸ್ಸು ಕಂಪೆನಿಯನ್ನು ಬೆಳೆಸಿದ ವಾಮನ ಶ್ರೀನಿವಾಸ ಕುಡ್ವರು 1940ರ ದಶಕದಲ್ಲಿ ಕೆನರಾ ವರ್ಕ್‌ಶಾಪ್ಸ್ ಎಂಬ ಕಾರ್ಖಾನೆ ಕಟ್ಟಿ, ಮೋಟಾರು ವಾಹನಗಳ ಪಟ್ಟಿ ಸ್ಪ್ರಿಂಗನ್ನು ಇಲ್ಲಿಯೇ ಮಾಡಿಸತೊಡಗಿದರು. 1925ರಲ್ಲಿ ಉಡುಪಿಯಲ್ಲಿ ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ ಅವರೊಡನೆ ಸೇರಿ ಸಿಂಡಿಕೇಟ್ ಬ್ಯಾಂಕಿಗೆ ಬುನಾದಿ ಹಾಕಿದವರೂ ಇವರೇ. 'ಕೆನರಾ ಸ್ಪ್ರಿಂಗ್' ಎಂಬ ಹೆಸರು ಜಿಲ್ಲೆಯ ಗಡಿ ದಾಟಿ ದೂರ ಹೋಯಿತು.

ಇದು ಬರಿಯ ಹೆಮ್ಮೆಯ ಮಾತಲ್ಲ. ಅದರ ಬೆಲೆ ತಿಳಿಯಬೇಕಾದರೆ ನಮ್ಮ ರಸ್ತೆಯನ್ನು ನೆನೆಯಬೇಕು. ಆರು ತಿಂಗಳು ಮಳೆಯಲ್ಲಿ ನೆನೆದು, ಮುರಕಲ್ಲು ಎದ್ದು, ತಿರುವು ತಿರುವಿಗೂ ಗುಂಡಿ ಬಿದ್ದ ದಾರಿಯಲ್ಲಿ ಭಾರ ಹೇರಿದ ಲಾರಿಯಿಂದ ಮೊದಲು ಬಲಿ ಹೋಗುವುದು ಸ್ಪ್ರಿಂಗಿನ ಪಟ್ಟಿ. ಪಟ್ಟಿಯ ಅಗಲ, ದಪ್ಪ, ನಡುವಿನ ಬೋಲ್ಟಿನಿಂದ ಮುಂದಿನ ಕಣ್ಣಿಗೆಷ್ಟು ಹಿಂದಿನ ಕಣ್ಣಿಗೆಷ್ಟು, ಕಣ್ಣಿನೊಳಗಿನ ಬುಷ್ ಎಷ್ಟು: ಈ ನಾಲ್ಕೈದು ಅಳತೆ ಸರಿಯಾದರೆ ಲಾರಿ ಅಮೆರಿಕದ್ದೋ ಇಂಗ್ಲೆಂಡಿನದೋ ಎಂದು ಪಟ್ಟಿ ಕೇಳುವುದಿಲ್ಲ. ಮುಂದಿನ ಅರ್ಧಕ್ಕೂ ಹಿಂದಿನ ಅರ್ಧಕ್ಕೂ ಉದ್ದದಲ್ಲಿ ವ್ಯತ್ಯಾಸವಿದ್ದು, ಅದನ್ನು ನೋಡದೆ ತಿರುಗುಮುರುಗಾಗಿ ಕಟ್ಟಿದರೆ ಮಾತ್ರ ಆಕ್ಸಲು ಜಾಗ ಬಿಟ್ಟು ನಿಲ್ಲುತ್ತದೆ.

ಯುದ್ಧ ಮುಗಿದ ಮೇಲೆ ಸೈನ್ಯದವರು ಬೇಡವೆಂದು ಬಿಟ್ಟ ವಾಹನಗಳು ಹರಾಜಿಗೆ ಬಂದವು. 'ಡಿಸ್ಪೋಸಲ್ ಲಾರಿ' ಎಂಬ ಮಾತು ಕನ್ನಡಕ್ಕೆ ಬಂದದ್ದು ಆಗ. ಅವುಗಳಲ್ಲಿ ಕೆನಡಾದಲ್ಲಿ ತಯಾರಾದ, ಮೋರೆ ಚಪ್ಪಟೆಯಾದ ಒಂದು ಜಾತಿಯಿತ್ತು. ಅದರ ಕಥೆ ಸ್ವಾರಸ್ಯದ್ದು. ಬ್ರಿಟಿಷ್ ಸಾಮ್ರಾಜ್ಯದ ಸೈನ್ಯಗಳಿಗಾಗಿ ಕೆನಡಾದ ಫೋರ್ಡ್ ಮತ್ತು ಜನರಲ್ ಮೋಟರ್ಸ್ ಕಂಪೆನಿಗಳು, ಪೇಟೆಯಲ್ಲಿ ಒಂದರ ಮೋರೆ ಒಂದು ನೋಡದಂಥವು, ಸರಕಾರದ ಒಂದೇ ನಕ್ಷೆಯಂತೆ ಲಾರಿ ಮಾಡಿದವು. ಯುದ್ಧ ಮುಗಿಯುವುದರೊಳಗೆ ನಾಲ್ಕು ಲಕ್ಷಕ್ಕೂ ಮೀರಿ ಮಾಡಿದವು. ಕ್ಯಾಬು ಒಂದೇ, ಚಕ್ರ ಒಂದೇ. ಎಂಜಿನು ಮಾತ್ರ ಅವರವರದು, ಫೋರ್ಡಿಗೆ ಎಂಟು ಸಿಲಿಂಡರು, ಚೆವ್ರೊಲೆಗೆ ಆರು. ರಣರಂಗದಲ್ಲಿ ಕೆಟ್ಟು ನಿಂತ ಎರಡರಿಂದ ಓಡುವ ಒಂದನ್ನು ಮಾಡಬೇಕೆಂಬುದು ಸೇನಾಪತಿಗಳ ಲೆಕ್ಕ. ಅವರ ಲೆಕ್ಕ ಉಪಯೋಗಕ್ಕೆ ಬಂದದ್ದು ಘಟ್ಟದ ಕೂಪುಗಳಲ್ಲಿ. ಎರಡು ಲಾರಿ ಕೊಂಡವನು ಒಂದನ್ನು ಓಡಿಸುತ್ತಿದ್ದ, ಒಂದನ್ನು ಹಿತ್ತಿಲಿನಲ್ಲಿ ನಿಲ್ಲಿಸಿ ವರ್ಷ ವರ್ಷ ಸುಲಿಯುತ್ತಿದ್ದ.

ನಾಲ್ಕೂ ಚಕ್ರಕ್ಕೆ ಬಲ ಹೋಗುವ ಈ ಲಾರಿಗಳು ಕೆಸರಿನಲ್ಲಿ ದಿಮ್ಮಿ ಎಳೆಯುವುದಕ್ಕೆ ಆನೆಯ ತಮ್ಮಂದಿರೇ ಆದವು.

ಈ ಸುಗ್ಗಿ ಬಹಳ ದಿನ ನಡೆಯಲಿಲ್ಲ. ಸ್ವತಂತ್ರ ಭಾರತ ತನ್ನ ಮೋಟಾರನ್ನು ತಾನೇ ಮಾಡಬೇಕೆಂದು ನಿಶ್ಚಯಿಸಿತು. 1953ರಲ್ಲಿ ಟ್ಯಾರಿಫ್ ಕಮಿಷನ್ನಿನ ವರದಿಯಂತೆ, ಇಲ್ಲಿ ತಯಾರಿಸುವ ಯೋಜನೆಯಿಲ್ಲದೆ ಬರಿಯ ಜೋಡಣೆ ಮಾಡುವವರಿಗೆ ಇನ್ನು ಜಾಗವಿಲ್ಲವೆಂದಾಯಿತು. ಜನರಲ್ ಮೋಟರ್ಸೂ ಫೋರ್ಡೂ ಗಂಟುಕಟ್ಟಿದವು. ಆ ನೀತಿ ತಪ್ಪೆಂದು ನಾನು ಹೇಳುವುದಿಲ್ಲ. ಅದಿಲ್ಲದೆ ನಮ್ಮ ಕಾರ್ಖಾನೆಗಳು ಏಳುತ್ತಿರಲಿಲ್ಲ. ಆದರೆ ನೀತಿ ದಿಲ್ಲಿಯಲ್ಲಿ ಬದಲಾದ ದಿನವೇ ಒಳದಾರಿಯ ಚೆವ್ರೊಲೆಗಳು ತಬ್ಬಲಿಗಳಾದವು ಎಂಬುದೂ ನಿಜ. 1957ರಲ್ಲಿ ವಿದೇಶೀ ವಿನಿಮಯದ ಮುಗ್ಗಟ್ಟು ಬಂದು ಆಮದಿನ ಲೈಸೆನ್ಸು ಇನ್ನಷ್ಟು ಬಿಗಿಯಾಯಿತು. ಹೊಸ ಸಾಮಾನು ಬರುವ ಬಾಗಿಲು ಕಿರಿದಾಯಿತು. ಹಳೆಯ ಲಾರಿ ಓಡುವುದು ನಿಲ್ಲಲಿಲ್ಲ.

ದಕ್ಷಿಣ ಕನ್ನಡ 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಜಿಲ್ಲೆ. ರೈಲೂ ಆ ಕಡೆಗೇ. ಮದರಾಸಿನಲ್ಲಿ ಟಿ.ವಿ.ಎಸ್. ಮನೆತನದ ಸಂಸ್ಥೆಗಳು, ಸಿಂಪ್ಸನ್, 1949ರಲ್ಲಿ ಹುಟ್ಟಿದ ಇಂಡಿಯಾ ಪಿಸ್ಟನ್ಸ್. ಗುಜರಿ ಸಾಮಾನಿಗೆ ಪುದುಪ್ಪೇಟೆ. ರಾಜ್ಯ ಬದಲಾಗಿ ರಾಜಧಾನಿ ಬೆಂಗಳೂರಾದರೂ ಲಾರಿಯ ಸಾಮಾನಿನ ರಾಜಧಾನಿ ಒಂದೇ ದಿನದಲ್ಲಿ ಬದಲಾಗಲಿಲ್ಲ. ಬೆಂಗಳೂರಿನ ಪಾಲಿಗೆ 1951ರಲ್ಲಿ ಆಡುಗೋಡಿಯ ಮೈಕೋ ಕಾರ್ಖಾನೆ ಬಂತು. ಡೀಸೆಲ್ ಪಂಪು, ನಾಜಲ್ಲುಗಳ ಮಟ್ಟಿಗೆ ಅದು ದೇಶಕ್ಕೇ ದೊಡ್ಡ ಹೆಸರಾಯಿತು. ಜೆ.ಸಿ. ರಸ್ತೆಯ ಅಂಗಡಿಗಳ ಸಾಲು ಬೆಳೆದು ಘಟ್ಟದ ಕೆಳಗಿನವರನ್ನೂ ಎಳೆದುಕೊಂಡಿತು.

ಹೊಸ ಲಾರಿಗಳು ಯಾರ ಬೀಜದವು ಎಂಬುದನ್ನು ಅರಿಯದವನಿಗೆ ಸಾಮಾನು ಹುಡುಕುವ ವಿದ್ಯೆ ದಕ್ಕುವುದಿಲ್ಲ. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಕಾರ್ಖಾನೆ ಅಮೆರಿಕದ ಕ್ರೈಸ್ಲರಿನ ಒಪ್ಪಂದದಲ್ಲಿ ಡಾಡ್ಜ್, ಫಾರ್ಗೋ, ಡಿಸೋಟೋ ಎಂಬ ಲಾರಿಗಳನ್ನು ಮಾಡಿತು. ಮೂರು ಹೆಸರು, ಲಾರಿ ಒಂದೇ! ಮುಂದಿನ ಜಾಲರಿ, ಹೆಸರಿನ ಫಲಕ ಬೇರೆ. ಫಾರ್ಗೋದ ಸಾಮಾನು ಇಲ್ಲವೆಂದು ಅಂಗಡಿಯವನು ಕೈಯಾಡಿಸಿದರೆ, ಡಾಡ್ಜಿನದು ಕೊಡಿ ಎಂದವನು ಗೆದ್ದ. ಈ ಲಾರಿಗಳಿಗೆ ಇಂಗ್ಲೆಂಡಿನ ಪರ್ಕಿನ್ಸ್ ಡೀಸೆಲ್ ಎಂಜಿನು ಕೂರಿಸುವುದು ರೂಢಿಗೆ ಬಂತು. ಸಿಂಪ್ಸನ್ನಿನವರು 1950ರ ದಶಕದಲ್ಲಿ ಅದನ್ನು ಮದರಾಸಿನಲ್ಲೇ ಮಾಡತೊಡಗಿದರು. ಆಗ ಒಂದೇ ಲಾರಿಯಲ್ಲಿ ಮೈ ಅಮೆರಿಕದ್ದು, ಎದೆ ಇಂಗ್ಲೆಂಡಿನದು. ಮದರಾಸಿನ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಎಂದು ಹೆಸರು ಬದಲಿಸಿಕೊಂಡಿತು. ಅದು ಅಪ್ಪಟ ಇಂಗ್ಲಿಷ್ ವಂಶ. ಜಮ್‌ಷೆಡ್‌ಪುರದ ಟೆಲ್ಕೋ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆನ್ಜ್ ಜತೆ ಸೇರಿ ಲಾರಿ ಹೊರಡಿಸಿತು. 1969ರಲ್ಲಿ ಆ ಒಪ್ಪಂದ ಮುಗಿದು ಲಾರಿಯ ಮೂತಿಯ ಮೇಲಿನ ಮೂರು ಕಡ್ಡಿಯ ನಕ್ಷತ್ರ ಹೋಯಿತು; ಹಳ್ಳಿಯವರ ಬಾಯಲ್ಲಿ ಮಾತ್ರ ಅದು 'ಬೆಂಜ್ ಲಾರಿ'ಯಾಗಿಯೇ ಬಹುಕಾಲ ಉಳಿಯಿತು.

ಹೀಗೆ ಅಮೆರಿಕ, ಇಂಗ್ಲೆಂಡು, ಜರ್ಮನಿ ಮೂರೂ ಒಂದು ಗ್ಯಾರೇಜಿನ ಅಂಗಳದಲ್ಲಿ ನಿಂತವು. ಅವುಗಳ ಜಗಳ ಕಾಣುವುದು ದೊಡ್ಡ ಭಾಗಗಳಲ್ಲಲ್ಲ, ತಿರುಪುಗಳಲ್ಲಿ.

ಇಂಗ್ಲೆಂಡಿನ ಜೋಸೆಫ್ ವ್ಹಿಟ್‌ವರ್ತ್ ಎಂಬ ಎಂಜಿನಿಯರು 1841ರಲ್ಲಿ, ದೇಶದ ಎಲ್ಲ ಬೋಲ್ಟುಗಳ ಮರೆಗಳೂ ಒಂದೇ ಲೆಕ್ಕದಲ್ಲಿರಲಿ ಎಂದು ಸೂಚಿಸಿದ. ಮರೆಯ ಕೋನ 55 ಡಿಗ್ರಿ. 1864ರಲ್ಲಿ ಅಮೆರಿಕದ ವಿಲಿಯಂ ಸೆಲರ್ಸ್ ಇನ್ನೊಂದು ಲೆಕ್ಕ ಮುಂದಿಟ್ಟ, ಕೋನ 60. ಯುರೋಪಿನವರದು ಮಿಲಿಮೀಟರಿನ ಲೆಕ್ಕ. ಅರ್ಧ ಅಂಗುಲದ ಬೋಲ್ಟಿನಲ್ಲಿ ಅಂಗುಲಕ್ಕೆ ಇಂಗ್ಲಿಷರದು 12 ಮರೆ, ಅಮೆರಿಕನ್ನರದು 13. ಒಂದಕ್ಕೆ ಇನ್ನೊಂದನ್ನು ಹಾಕಿದರೆ ಎರಡು ಸುತ್ತು ಹೋಗಿ ಹಟ ಹಿಡಿಯುತ್ತದೆ. ಬಲವಂತ ಮಾಡಿದವನು ಎರಡನ್ನೂ ಕಳೆದುಕೊಳ್ಳುತ್ತಾನೆ. ಇದಾದರೂ ಪ್ರಾಮಾಣಿಕ ವೈರ. ಕಾಲು ಅಂಗುಲ, ಮೂರೆಂಟಾಂಶ ಅಂಗುಲದಂಥ ಸಣ್ಣ ಬೋಲ್ಟುಗಳಲ್ಲಿ ಎರಡು ದೇಶಗಳ ಮರೆಯ ಸಂಖ್ಯೆಯೂ ಒಂದೇ, 20 ಮತ್ತು 16. ಕೋನ ಮಾತ್ರ ಬೇರೆ. ಅವು ಒಂದರೊಳಗೊಂದು ಸಲೀಸಾಗಿ ಹೋಗುತ್ತವೆ, ಬಿಗಿಯಾದಂತೆಯೂ ತೋರುತ್ತವೆ. ಆದರೆ ಮರೆಗೆ ಮರೆ ಪೂರ್ತಿ ತಾಗುವುದಿಲ್ಲ. ಸಂಪಾಜೆಯ ತಿರುವುಗಳ ಕುಲುಕಾಟಕ್ಕೆ ಸಡಿಲುತ್ತವೆ. ಕೂರದ ಸಾಮಾನಿಗಿಂತ ಕೂತಂತೆ ಕಾಣುವ ಸಾಮಾನು ಅಪಾಯಕರವೆಂದು ಮೇಸ್ತ್ರಿಗಳು ಕಲಿತದ್ದು ಇಲ್ಲಿ.

ಅಮೆರಿಕ, ಬ್ರಿಟನ್, ಕೆನಡಾಗಳು ಮಹಾಯುದ್ಧದಲ್ಲಿ ಇದರ ಕಹಿಯುಂಡು 1948ರ ನವೆಂಬರಿನಲ್ಲಿ ಒಂದೇ ಮರೆಗೆ ಒಪ್ಪಿದವು. ಭಾರತ 1956ರ ಕಾಯಿದೆಯ ಮೂಲಕ ಮೆಟ್ರಿಕ್ ಅಳತೆಗೆ ಬಂತು. ಆದರೆ ಕಾಯಿದೆ ಬಂದ ಮಾತ್ರಕ್ಕೆ ಓಡುತ್ತಿರುವ ಲಾರಿಯ ಬೋಲ್ಟು ತನ್ನ ಜಾತಿ ಬಿಡುತ್ತದೆಯೆ? ಮೇಸ್ತ್ರಿಯ ಪೆಟ್ಟಿಗೆಯಲ್ಲಿ ಮೂರು ಬಗೆಯ ಪಾನಗಳು ಒಟ್ಟಿಗೆ ಬದುಕಿದವು. ವ್ಹಿಟ್‌ವರ್ತಿನ ಪಾನದ ಮೇಲೆ ಬರೆದಿರುವ ಅಳತೆ ಬೋಲ್ಟಿನ ಕಾಂಡದ್ದು, ಉಳಿದವುಗಳದು ತಲೆಯದ್ದು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಮೊದಲ ಏಟು ತಿನ್ನುತ್ತಿದ್ದದ್ದು ಈ ಗೊಂದಲಕ್ಕೇ ಇರಬೇಕು.

ಎಲ್ಲವೂ ಜಗಳವಲ್ಲ. ಬಾಲ್ ಬೇರಿಂಗುಗಳ ಲೋಕದಲ್ಲಿ ರಾಷ್ಟ್ರಗಳು ಬೇಗ ರಾಜಿಯಾದವು. ಬೇರಿಂಗಿನ ಮೈಮೇಲೆ 6205 ಎಂದಿದ್ದರೆ ಒಳ ಅಳತೆ 25 ಮಿಲಿಮೀಟರು, ಹೊರಗಿನದು 52, ದಪ್ಪ 15. ಅದು ಸ್ವೀಡನ್ನಿನದಾಗಲಿ ಜಪಾನಿನದಾಗಲಿ. ಲಾರಿ ಯಾವುದೆಂದು ಹೇಳಬೇಕಾಗಿಯೇ ಇಲ್ಲ, ನಂಬರು ಹೇಳಿದರೆ ಸಾಕು. ಎಂಜಿನುಗಳ ಹೆಸರಿನಲ್ಲಿಯೂ ಕೆಲವು ಸಲ ಗುಟ್ಟು ಅಡಗಿರುತ್ತದೆ. ಬೆನ್ಜ್ ಒಪ್ಪಂದದ ಮೊದಲ ಎಂಜಿನಿನ ಸಿಲಿಂಡರಿನ ಅಗಲ 90 ಮಿಲಿಮೀಟರು. ಆಮೇಲೆ ಟಾಟಾದವರು ಮಾಡಿದ 692, 697 ಎಂಬ ಎಂಜಿನುಗಳ ಮೊದಲ ಅಂಕಿ ಸಿಲಿಂಡರುಗಳ ಸಂಖ್ಯೆ, ಉಳಿದೆರಡು ಅಂಕಿ ಅವುಗಳ ಅಗಲ. ಆರು ಸಿಲಿಂಡರು, 92 ಮಿಲಿಮೀಟರು; ಆರು ಸಿಲಿಂಡರು, 97 ಮಿಲಿಮೀಟರು. 1986ರಲ್ಲಿ ಬಂದ ಸಣ್ಣ ಲಾರಿ 407ಕ್ಕೆ ಸೇರಿದ 497 ಎಂಜಿನಿಗೆ ನಾಲ್ಕೇ ಸಿಲಿಂಡರು, ಅಗಲ ಅದೇ 97. ಮೊದಲನೆಯದಕ್ಕೂ 692ಕ್ಕೂ ಪಿಸ್ಟನ್ನಿನ ಏರಿಳಿತ 120 ಮಿಲಿಮೀಟರೇ; ಅಗಲದಲ್ಲಿ ಎರಡೇ ಮಿಲಿಮೀಟರಿನ ಅಂತರ. ಆ ಎರಡು ಮಿಲಿಮೀಟರೇ ಒಂದರ ಪಿಸ್ಟನ್ನನ್ನು ಇನ್ನೊಂದರೊಳಗೆ ಬಿಡುವುದಿಲ್ಲ. ನೋಡಲು ಅವಳಿಜವಳಿ, ಅಳತೆಗೋಲು ಹಿಡಿದರೆ ಬೇರೆ ಬೇರೆ.

ಇನ್ನು ನಮ್ಮ ಕ್ರೌನ್-ಪಿನಿಯನ್ನಿನ ಲಾರಿಗೆ ಹಿಂದಿರುಗೋಣ, ಪತ್ತನಾಜೆ ಹತ್ತಿರವಾಗುತ್ತಿದೆ. ಮೇಸ್ತ್ರಿ ಮೊದಲು ಮಾಡುವುದು ಹಲ್ಲು ಎಣಿಸುವ ಕೆಲಸ, ಮುರಿದವನ್ನೂ ಸೇರಿಸಿ. ಪಿನಿಯನ್ನಿಗೆ 6, ಕ್ರೌನಿಗೆ 41 ಇದ್ದರೆ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಶಾಫ್ಟು ಹೆಚ್ಚುಕಡಿಮೆ 6.83 ಸುತ್ತು ತಿರುಗುತ್ತದೆ. 7ಕ್ಕೆ 41 ಆದರೆ 5.86. ಮೊದಲನೆಯದು ಘಾಟಿ ಹತ್ತುವುದಕ್ಕೆ, ಎರಡನೆಯದು ಬಯಲಿನ ಓಟಕ್ಕೆ. ಆಮೇಲೆ ಪಿನಿಯನ್ನಿನ ಕಾಂಡದ ಮೇಲಿನ ಗೀರುಗಳು, ಕ್ರೌನಿನ ಬೋಲ್ಟು ತೂತುಗಳು, ಹಲ್ಲಿನ ಸುರುಳಿ ಎಡಕ್ಕೋ ಬಲಕ್ಕೋ ಎಂಬುದು. ಹೌಸಿಂಗಿನೊಳಗೆ ಕೂರುವ ಬೇರೆ ಜೊತೆ ಸಿಕ್ಕಿ, ಹಲ್ಲಿನ ಲೆಕ್ಕ ಮಾತ್ರ ಬೇರೆಯಿದ್ದರೆ? ಹಿಂದಿನ ಚಕ್ರಕ್ಕೆ ಮಾತ್ರ ಬಲ ಹೋಗುವ ಲಾರಿಯಾದರೆ ಹಾಕಬಹುದು. ಏರಿನಲ್ಲಿ ಉಬ್ಬಸ ಬಂದೀತು, ವೇಗ ತೋರಿಸುವ ಮುಳ್ಳು ಸುಳ್ಳು ಹೇಳೀತು, ಕೆಲಸ ನಡೆಯುತ್ತದೆ. ಡಿಸ್ಪೋಸಲಿನ ನಾಲ್ಕು ಚಕ್ರದ ಲಾರಿಯಾದರೆ ಕೂಡದು. ಮುಂದಿನ ಆಕ್ಸಲಿನ ಲೆಕ್ಕ ಒಂದು, ಹಿಂದಿನದರ ಲೆಕ್ಕ ಇನ್ನೊಂದಾದರೆ ಅವು ಎರಡೂ ಜಗ್ಗಾಡಿ ಮೊದಲು ಟಯರನ್ನೂ ಆಮೇಲೆ ಗೇರನ್ನೂ ತಿನ್ನುತ್ತವೆ. ಇನ್ನೊಂದು ಮಾತು: ಕ್ರೌನೂ ಪಿನಿಯನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿದವು, ಜೋಡಿಗೆ ಒಂದೇ ಗುರುತು ಕೊರೆದಿರುತ್ತಾರೆ. ಪಿನಿಯನ್ ಒಂದೇ ಮುರಿದಿದೆಯೆಂದು ಒಂದನ್ನೇ ಕೊಂಡು ಹಾಕುವುದು ದುಡ್ಡು ಉಳಿಸುವ ದಾರಿಯಲ್ಲ. ಹಾಕಿದ ದಿನದಿಂದಲೇ ಅದು ಹಾಡತೊಡಗುತ್ತದೆ. ಆ ಹಾಡು ಘಾಟಿಯ ಅರ್ಧದಲ್ಲಿ ನಿಲ್ಲುತ್ತದೆ.

ಹೀಗೆ ಹೊಂದಿಸಿ ಓಡಿಸುವ ಜಾಣ್ಮೆಯನ್ನು ಈಚೆಗೆ ಬಹಳ ಹೊಗಳುತ್ತಾರೆ. ನನಗೆ ಆ ಹೊಗಳಿಕೆ ಪೂರ್ತಿ ರುಚಿಸುವುದಿಲ್ಲ. ಒಳ್ಳೆಯ ಮೇಸ್ತ್ರಿಯ ಗುರುತು ಅವನು ಏನನ್ನು ಕೂರಿಸಿದ ಎಂಬುದಲ್ಲ. ಏನನ್ನು ಕೂರಿಸಲು ಒಪ್ಪಲಿಲ್ಲ ಎಂಬುದು. ಡೈನಮೋ ಬೇರೆ ಲಾರಿಯದು ಹಾಕಬಹುದು, ರೇಡಿಯೇಟರು ಬೇರೆಯದನ್ನು ಪಟ್ಟಿ ಬೆಸೆದು ನಿಲ್ಲಿಸಬಹುದು, ಗೇರ್‌ಬಾಕ್ಸಿಗೂ ಎಂಜಿನಿಗೂ ನಡುವೆ ಒಂದು ತಗಡು ಕೊರೆದು ಎರಡು ದೇಶಗಳನ್ನು ಜೋಡಿಸಬಹುದು. ಬ್ರೇಕಿಗೂ ಸ್ಟೀರಿಂಗಿಗೂ ಬಂದಾಗ ಆ ಧೈರ್ಯ ಸಲ್ಲದು. ಬಲದ ಚಕ್ರದ ಬ್ರೇಕ್ ಸಿಲಿಂಡರು ಸಿಗದೆ ಅದಕ್ಕಿಂತ ಒಂದು ನೂಲು ಅಗಲದ ಸಿಲಿಂಡರು ಹಾಕಿದರೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಒತ್ತಿದಾಗ ಬಲದ ಚಕ್ರ ಹೆಚ್ಚು ಹಿಡಿದು ಲಾರಿ ಅತ್ತ ಎಳೆಯುತ್ತದೆ. ಬ್ರೇಕಿನ ಎಣ್ಣೆ ಮುಗಿಯಿತೆಂದು ಎಂಜಿನಿನ ಎಣ್ಣೆ ಹೊಯ್ದರೆ ಒಳಗಿನ ರಬ್ಬರು ಉಬ್ಬಿ ಜಾಮು ಆಗುತ್ತದೆ. ಟೈ ರಾಡನ್ನೂ ಸ್ಟೀರಿಂಗಿನ ತೋಳನ್ನೂ ಬೆಸುಗೆ ಹಾಕಿ ಬಳಸಿದರೆ ಕಾಸಿದ ಕಡೆ ಉಕ್ಕಿನ ಹದ ಹೋಗಿರುತ್ತದೆ. ಒಂದು ದಿನ ಅದು ಮುನ್ಸೂಚನೆ ಇಲ್ಲದೆ ತುಂಡಾಗುತ್ತದೆ. ಅದೂ ಎಲ್ಲಿ? ಚಪ್ಪಟೆ ಬಯಲಿನಲ್ಲಲ್ಲ. ಭಾರ ಹೇರಿ ಘಾಟಿ ಇಳಿಯುವಾಗ, ಕೆಳಗಿನ ತಿರುವಿನಲ್ಲಿ ಬಸ್ಸು ಬರುತ್ತಿರುವಾಗ.

"ಇದು ಆಗ್ಲಿಕ್ಕಿಲ್ಲ ಧಣಿಗಳೆ" ಎಂಬ ಮಾತಿಗೆ ಆ ಮೇಸ್ತ್ರಿ ಕೂಲಿ ಪಡೆಯುತ್ತಿರಲಿಲ್ಲ. ಎಷ್ಟೋ ಸಲ ಬೈಗುಳ ಪಡೆಯುತ್ತಿದ್ದ. ಲಾರಿ ಮುಂದಿನ ಗ್ಯಾರೇಜಿಗೆ ಹೋಗುತ್ತಿತ್ತು, ಅಲ್ಲಿ ಯಾರೋ ಆಗುತ್ತದೆ ಎನ್ನುತ್ತಿದ್ದರು. ಬದುಕಿ ಉಳಿದವರ ಲೆಕ್ಕವನ್ನು ಯಾರೂ ಇಡುವುದಿಲ್ಲವಾದ್ದರಿಂದ ಅವನ ಮಾತು ಉಳಿಸಿದ ಜೀವಗಳೆಷ್ಟೆಂದು ಹೇಳುವಂತಿಲ್ಲ.

2021ರಲ್ಲಿ ಕೇಂದ್ರ ಸರಕಾರ ಹಳೆಯ ವಾಹನಗಳನ್ನು ಗುಜರಿಗೆ ಹಾಕಿಸುವ ನೀತಿಯನ್ನು ಸಾರಿತು. ಹದಿನೈದು ವರ್ಷ ದಾಟಿದ ಸರಕಾರೀ ವಾಹನಗಳು 2023ರ ಏಪ್ರಿಲಿನಿಂದ ರಸ್ತೆ ಬಿಡಬೇಕಾಯಿತು. ಖಾಸಗಿ ಲಾರಿಗಳಿಗೆ ಪರೀಕ್ಷೆ ಕಠಿಣವಾಗುತ್ತಿದೆ. ಈಗಿನ ಲಾರಿಯಲ್ಲಿ ಯಂತ್ರದಷ್ಟೇ ವಿದ್ಯುತ್ತಿನ ಮಿದುಳೂ ಇದೆ. ಅಳತೆ ಸರಿಯಾದ ಸಾಮಾನನ್ನು ಹಾಕಿದರೂ ಆ ಮಿದುಳು ಒಪ್ಪದಿದ್ದರೆ ಎಂಜಿನು ಏಳುವುದಿಲ್ಲ. ಕಾರ್ಖಾನೆಯ ಹಂಗು ಇನ್ನೊಂದು ಸುತ್ತು ಬಿಗಿಯಾಗಿದೆ.

ಆದರೂ ಮಳೆಗಾಲಕ್ಕೆ ಮುಂಚೆ ಪುತ್ತೂರು, ಸುಳ್ಯದ ಗ್ಯಾರೇಜುಗಳ ಮುಂದೆ ಹಾದುಹೋಗುವವರು ಗೋಡೆಯ ಬದಿಗೆ ಒರಗಿಸಿಟ್ಟ ತುಕ್ಕಿನ ಆಕ್ಸಲುಗಳನ್ನೂ ಹೌಸಿಂಗುಗಳನ್ನೂ ನೋಡಿರಬಹುದು. ಅವು ಗುಜರಿಗೆ ಹೋಗದೆ ಅಲ್ಲಿ ಏಕೆ ಬಿದ್ದಿವೆಯೆಂದು ಪೇಟೆಯವರಿಗೆ ಆಶ್ಚರ್ಯ. ಯಾವುದರ ಹಲ್ಲು ಎಷ್ಟು, ಯಾವುದು ಯಾವ ಲಾರಿಗೆ ಕೂರುತ್ತದೆ ಎಂಬುದನ್ನು ಬಲ್ಲ ಮೇಸ್ತ್ರಿ ಒಳಗೆ ಯಾವುದೋ ಲಾರಿಯ ಅಡಿಯಲ್ಲಿ ಮಲಗಿದ್ದಾನೆ. ಎರಡು ಪಾದಗಳಷ್ಟೇ ಹೊರಗೆ ಕಾಣುತ್ತವೆ.